ಎರಡು ಚೆಂಡಾಟಗಳ ಚರಿತ್ರೆ ಬರೆದವರು

ಅಮೆರಿಕದಲ್ಲಿ ಸಾಕರ್ ಆಟವು 1975ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮಾಸ್ ತಂಡಕ್ಕೆ ಬಂದಿಳಿದ ದಿನ ಹುಟ್ಟಿತೆಂದೂ, ಆ ದೇಶದವರು ಫುಟ್‌ಬಾಲೆಂದು ಕರೆಯುವ, ಚೆಂಡನ್ನು ಕಂಕುಳಲ್ಲಿರಿಸಿಕೊಂಡು ಓಡುವ ಆಟದ ವೃತ್ತಿಪರ ಲೀಗು ಮಾತ್ರ 1920ರಲ್ಲಿ ಕ್ಯಾಂಟನ್ ಪಟ್ಟಣದ ಒಂದು ಮೋಟಾರು ಮಳಿಗೆಯಲ್ಲಿ ಸರ್ವಾಂಗಸಂಪೂರ್ಣವಾಗಿ ಅವತರಿಸಿತೆಂದೂ ಹೇಳುವ ಕಥೆ ಈಚೆಗೆ ಎಷ್ಟು ಸಾರಿ ಅಚ್ಚಾಗಿದೆಯೆಂದರೆ, ಅದನ್ನು ಅಲ್ಲಗಳೆಯುವವನೇ ಸಾಕ್ಷ್ಯ ತಂದೊಪ್ಪಿಸಬೇಕಾದ ಸ್ಥಿತಿ ಬಂದೊದಗಿದೆ. ಎರಡು ಮಾತುಗಳೂ ತಪ್ಪು. ತಪ್ಪೆಂದು ತೋರಿಸುವ ಸಾಮಗ್ರಿ ಕಳೆದ ನಾಲ್ಕೈದು ದಶಕಗಳಲ್ಲಿ ಬೇಕಾದಷ್ಟು ಸಂಗ್ರಹವಾಗಿಯೂ ಇದೆ. ಆದರೆ ಅದನ್ನು ಕೂಡಿಹಾಕಿದವರು ಯಾರು, ಯಾವ ಕ್ರಮದಿಂದ ಕೂಡಿಹಾಕಿದರು, ಒಂದು ಆಟಕ್ಕೆ ದೊರೆತ ಚರಿತ್ರೆ ಅದರ ನೆರೆಯಲ್ಲೇ ಬೆಳೆದ ಇನ್ನೊಂದಕ್ಕೆ ಏಕೆ ಅಷ್ಟು ತಡವಾಗಿ ದೊರೆಯಿತು ಎಂಬುದನ್ನು ಒಂದೆಡೆ ಹೇಳಿದವರು ವಿರಳ.

ಮೊದಲ ಘಟ್ಟವನ್ನು ಬೇಗನೆ ದಾಟಬಹುದು. ಫುಟ್‌ಬಾಲಿನ ವೃತ್ತಿಪರ ಶಾಖೆಯ ಚರಿತ್ರೆಯನ್ನು ಪುಸ್ತಕರೂಪದಲ್ಲಿ ಮೊದಲು ಬರೆದವರಲ್ಲಿ ಪ್ರಮುಖನಾದ ವೈದ್ಯ ಹ್ಯಾರಿ ಮಾರ್ಚ್ 1934ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಆತ ಲೀಗಿನ ಒಳಗಿನವನು, ಸರಸವಾಗಿ ಬರೆಯಬಲ್ಲವನು, ಕೇಳಿದ್ದನ್ನೆಲ್ಲ ನಂಬುವವನು. ಹಣ ಪಡೆದು ಆಡಿದ ಪ್ರಥಮ ಆಟಗಾರ ಪೆನ್ಸಿಲ್ವೇನಿಯದ ಲಾಟ್ರೋಬ್ ಊರಿನಲ್ಲಿ 1895ರಲ್ಲಿ 10 ಡಾಲರು ಸ್ವೀಕರಿಸಿದ ಜಾನ್ ಬ್ರೇಲಿಯರ್ ಎಂಬ ನಂಬಿಕೆ ಅಂದಿನ ಬರಹಗಳಿಂದ ಬೇರೂರಿ ಬಹುಕಾಲ ಉಳಿಯಿತು. ತರುವಾಯ ನೆಲ್ಸನ್ ರಾಸ್ ಎಂಬಾತನು ಪಿಟ್ಸ್‌ಬರ್ಗ್ ತಂಡದ ಕಚೇರಿಗೆ ಬೆರಳಚ್ಚು ಮಾಡಿದ ಒಂದು ಹಸ್ತಪ್ರತಿಯನ್ನು ತಂದುಕೊಟ್ಟು ಮರೆಯಾದನು. ಅದರಲ್ಲಿ ಸೂಚಿತವಾಗಿದ್ದ ಸುಳಿವನ್ನು ಹಿಡಿದು ಹೊರಟವರಿಗೆ, 1892ರ ನವೆಂಬರ್ 12ರ ಪಂದ್ಯಕ್ಕಾಗಿ ಅಲಿಘೆನಿ ಅಥ್ಲೆಟಿಕ್ ಸಂಘವು ಪಜ್ ಹೆಫಲ್‌ಫಿಂಗರ್ ಎಂಬವನಿಗೆ 500 ಡಾಲರು ಕೊಟ್ಟುದನ್ನು ಸಂಘದ ಲೆಕ್ಕಪತ್ರವೇ ಸಾರುತ್ತಿರುವುದು ಕಂಡುಬಂದಿತು. ಒಂದು ಖರ್ಚಿನ ಪಟ್ಟಿ ಮೂರು ವರ್ಷಗಳಷ್ಟು ಚರಿತ್ರೆಯನ್ನು ಹಿಂದಕ್ಕೆ ಸರಿಸಿದುದು ನೆನಪಿನಲ್ಲಿಡತಕ್ಕ ಸಂಗತಿ. 1952ರಲ್ಲಿ ರೋಜರ್ ಟ್ರೀಟನು ಸಂಪಾದಿಸಿದ ವಿಶ್ವಕೋಶವು ತಂಡಗಳ ಪಟ್ಟಿಗಳನ್ನು ಒಂದೆಡೆ ತಂದಿತಾದರೂ, ಆತನಿಗೆ ಆಕರಗಳಿಗಿಂತ ಅಭಿಪ್ರಾಯಗಳೇ ಪ್ರಿಯವಾಗಿದ್ದವೆಂದು ಹೇಳದೆ ವಿಧಿಯಿಲ್ಲ.

ನಿಜವಾದ ತಿರುವು 1979ರಲ್ಲಿ ಬಂದಿತು. ಬಾಬ್ ಕ್ಯಾರಲ್ ಮತ್ತು ಅವನ ಸಂಗಡಿಗರು ಆ ವರ್ಷ ಕ್ಯಾಂಟನ್ನಿನಲ್ಲಿ ವೃತ್ತಿಪರ ಫುಟ್‌ಬಾಲ್ ಸಂಶೋಧಕರ ಸಂಘವನ್ನು ಸ್ಥಾಪಿಸಿ, ‘ಕಾಫಿನ್ ಕಾರ್ನರ್’ ಎಂಬ ಸಣ್ಣ ಪತ್ರಿಕೆಯನ್ನು ಹೊರಡಿಸತೊಡಗಿದರು. ಬಹುಪಾಲು ವಿಶ್ವವಿದ್ಯಾನಿಲಯದ ಹೊರಗಿನವರೂ ಹವ್ಯಾಸಿಗಳೂ ಆಗಿದ್ದ ಈ ಮಂದಿ, ಬಿಡುವಿನ ವೇಳೆಯಲ್ಲಿ ಗ್ರಂಥಾಲಯಗಳ ಮೈಕ್ರೋಫಿಲ್ಮ್ ಯಂತ್ರಗಳ ಮುಂದೆ ಕುಳಿತು, ಓಹಾಯೋ ಮತ್ತು ಇಲಿನಾಯ್ ರಾಜ್ಯಗಳ ಊರುಪತ್ರಿಕೆಗಳ ಸೋಮವಾರದ ಸಂಚಿಕೆಗಳನ್ನು ಒಂದೊಂದಾಗಿ ತಿರುವಿಹಾಕಿದರು. ಎರಡು ಊರಿನ ಪತ್ರಿಕೆಗಳು ಒಂದೇ ಅಂಕವನ್ನು ಕೊಟ್ಟರೆ ಮಾತ್ರ ಅದನ್ನು ಸ್ವೀಕರಿಸುವುದು, ವೃದ್ಧ ಆಟಗಾರರ ನೆನಪನ್ನು ಅಚ್ಚಿನ ಸಾಕ್ಷ್ಯದಿಂದ ತಾಳೆನೋಡದೆ ನಂಬದಿರುವುದು, ಇವೇ ಆ ಪಂಥದ ಶಿಸ್ತು. ನಾನೂ ಆ ಪಂಥಕ್ಕೆ ಸೇರಿದವನಾದ್ದರಿಂದ ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ. ಡೇವಿಡ್ ನೆಫ್ಟ್ ಮತ್ತು ಅವನ ಸಹೋದ್ಯೋಗಿಗಳು ಅಧಿಕೃತ ಅಂಕಿಅಂಶಗಳು ದೊರೆಯುವ 1932ಕ್ಕೆ ಹಿಂದಿನ ಕಾಲವನ್ನು ಪತ್ರಿಕೆಗಳಿಂದಲೇ ಮರುಕಟ್ಟಿದುದು ಈ ಶ್ರಮದ ಉತ್ಕೃಷ್ಟ ಫಲಗಳಲ್ಲೊಂದು.

ಈ ಶಿಸ್ತಿನ ಬೆಲೆ ಏನೆಂಬುದನ್ನು ತಿಳಿಯಲು 1920ರ ಋತುವೊಂದೇ ಸಾಕು. ಸೆಪ್ಟೆಂಬರ್ 17ರಂದು ರಾಲ್ಫ್ ಹೇ ಎಂಬವನ ಹಪ್‌ಮೊಬೀಲ್ ಕಾರಿನ ಮಳಿಗೆಯಲ್ಲಿ, ಕುರ್ಚಿಗಳು ಸಾಲದೆ ಕೆಲವರು ಕಾರುಗಳ ಪಕ್ಕದ ಹಲಗೆಗಳ ಮೇಲೆ ಕುಳಿತು ನಡೆಸಿದ ಸಭೆ ಅಮೆರಿಕನ್ ಪ್ರೊಫೆಷನಲ್ ಫುಟ್‌ಬಾಲ್ ಅಸೋಸಿಯೇಷನ್ನನ್ನು ನಿರ್ಮಿಸಿತು. ಜಿಮ್ ಥಾರ್ಪನ ಕೀರ್ತಿಯನ್ನು ಬಳಸಿಕೊಳ್ಳುವ ಉದ್ದೇಶದಿಂದ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿತು. 100 ಡಾಲರಿನ ಪ್ರವೇಶಶುಲ್ಕವನ್ನು ಗೊತ್ತುಪಡಿಸಿತು, ಆದರೆ ಅದನ್ನು ತೆತ್ತವರಾರೂ ಇದ್ದಂತೆ ತೋರದು. ಇಂದು ನಾವು ಲೀಗೆಂದರೆ ಭಾವಿಸುವ ಯಾವ ಲಕ್ಷಣವೂ ಅದಕ್ಕೆ ಇರಲಿಲ್ಲ. ಪಂದ್ಯಗಳ ಪಟ್ಟಿಯನ್ನು ಆಯಾ ತಂಡದ ವ್ಯವಸ್ಥಾಪಕರೇ ಪತ್ರವ್ಯವಹಾರದಿಂದ ಗೊತ್ತುಮಾಡಿಕೊಳ್ಳುತ್ತಿದ್ದರು. ಸದಸ್ಯರಲ್ಲದ ತಂಡಗಳೊಡನೆ ಆಡಿದ ಪಂದ್ಯಗಳೂ ಲೆಕ್ಕಕ್ಕೆ ಬರುತ್ತಿದ್ದವು. ಸೆಪ್ಟೆಂಬರ್ 26ರಂದು ರಾಕ್ ಐಲೆಂಡ್ ತಂಡವು 48–0 ಅಂಕಗಳಿಂದ ಸೋಲಿಸಿದ ಸೇಂಟ್ ಪಾಲ್ ಐಡಿಯಲ್ಸ್ ಸಂಘದ ಸದಸ್ಯತ್ವವನ್ನೇ ಪಡೆದಿರಲಿಲ್ಲ. ಹದಿನಾಲ್ಕು ತಂಡಗಳೆಂದು ಇಂದಿನ ಪುಸ್ತಕಗಳು ಎಣಿಸುವುದೂ ಸಂಶೋಧಕರು ಕೂಡಿಸಿ ಕಳೆದು ನಿರ್ಣಯಿಸಿದ ಸಂಖ್ಯೆಯೇ.

ಆ ತಂಡಗಳ ಹೆಸರುಗಳನ್ನು ಗಮನಿಸಿ. ಡಿಕೇಟರ್ ಸ್ಟೇಲಿಸ್ ಒಂದು ಪಿಷ್ಟ ಕಾರ್ಖಾನೆಯ ತಂಡ. ಕೊಲಂಬಸ್ ಪ್ಯಾನ್‌ಹ್ಯಾಂಡಲ್ಸ್ ರೈಲ್ವೆ ಕಾರ್ಯಾಗಾರದ ಕೆಲಸಗಾರರ ತಂಡ. ಅಕ್ರನ್ ರಬ್ಬರಿನ ಊರು. ಋತುವಿನ ಕೊನೆಯಲ್ಲಿ ಅಕ್ರನ್ ಎಂಟು ಗೆಲುವು, ಮೂರು ಸಮ, ಸೋಲಿಲ್ಲ ಎಂಬ ಸ್ಥಿತಿಯಲ್ಲಿ ನಿಂತಿತು. ಎದುರಾಳಿಗಳು ಅದರ ವಿರುದ್ಧ ಇಡೀ ಋತುವಿನಲ್ಲಿ ಗಳಿಸಿದುದು 7 ಅಂಕ. ಡಿಸೆಂಬರ್ 12ರಂದು ಶಿಕಾಗೋದಲ್ಲಿ ಡಿಕೇಟರಿನೊಡನೆ ನಡೆದ ಪಂದ್ಯ 0–0 ಆಗಿ ಮುಗಿದಾಗ, ಹೆಚ್ಚು ಪಂದ್ಯ ಗೆದ್ದ ಡಿಕೇಟರಿನವರೂ ಬಫಲೋದವರೂ ತಾವೇ ಶ್ರೇಷ್ಠರೆಂದು ವಾದಿಸಿದರು. ಸಮವಾದ ಪಂದ್ಯಗಳನ್ನು ಲೆಕ್ಕದಿಂದ ಬಿಡುವುದು ಅಂದಿನ ಪದ್ಧತಿ. ಆ ಲೆಕ್ಕದಂತೆ ಅಕ್ರನ್ ಅಜೇಯ. 1921ರ ಏಪ್ರಿಲ್‌ನ ಸಭೆಯಲ್ಲಿ ಮತ ಹಾಕಿ ಅದಕ್ಕೆ ಪ್ರಶಸ್ತಿಯನ್ನಿತ್ತರು.

ಆಮೇಲೆ ನಡೆದುದೇ ವಿಚಿತ್ರ. 1922ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಧರಿಸಿದ ಅದೇ ಸಂಸ್ಥೆ ತನ್ನ ಮೊದಲ ಋತುವಿನ ವಿಜೇತರನ್ನು ತಾನೇ ಮರೆತು, ದಶಕಗಳ ಕಾಲ ಆ ವರ್ಷದ ಪ್ರಶಸ್ತಿ ಅನಿರ್ಣೀತವೆಂದು ತನ್ನ ದಾಖಲೆಗಳಲ್ಲಿ ಬರೆದುಕೊಂಡಿತು. 1970ರ ದಶಕದಲ್ಲಿ ಆ ಮತದಾನದ ನೆನಪು ಮರಳಿ ಬಂದ ಬಳಿಕವೇ ಅಕ್ರನ್ನಿನ ಹೆಸರು ಪಟ್ಟಿಯ ತಲೆಗೆ ಏರಿದುದು. ಮರೆತ ಸಂಸ್ಥೆ ಬದುಕಿದ್ದುದರಿಂದ ನೆನಪಿಸಿಕೊಳ್ಳುವ ಹೊಣೆ ಹೊರಲು ಒಬ್ಬ ವಾರಸುದಾರನಿದ್ದನು, ಕಾಗದವನ್ನು ಕಾಪಾಡಲು 1963ರಲ್ಲಿ ತೆರೆದ ಕ್ಯಾಂಟನ್ನಿನ ಕೀರ್ತಿಮಂದಿರವಿತ್ತು, ಧನವೂ ಇತ್ತು. ಆದರೂ ಅಕ್ರನ್ನಿನ ಓಟಗಾರ, 1921ರಲ್ಲಿ ಅದರ ಜಂಟಿ ತರಬೇತುದಾರನೂ ಆದ ಕಪ್ಪುವರ್ಣೀಯ ಫ್ರಿಟ್ಜ್ ಪೊಲಾರ್ಡನಿಗೆ ಆ ಮಂದಿರದ ಬಾಗಿಲು ತೆರೆದುದು 2005ರಲ್ಲಿ, ಅವನು ಗತಿಸಿ ಹತ್ತೊಂಬತ್ತು ವರ್ಷಗಳ ಅನಂತರ. 1934ರಿಂದ 1945ರವರೆಗೆ ಲೀಗಿನಲ್ಲಿ ಒಬ್ಬ ಕಪ್ಪು ಆಟಗಾರನೂ ಇಲ್ಲದಿದ್ದ ಕಾಲವನ್ನು ನಮ್ಮ ಪಂಥದವರೂ ಬಹುಕಾಲ ಅಡಿಟಿಪ್ಪಣಿಯಲ್ಲಿಯೇ ಇಟ್ಟಿದ್ದರು. 1992ರಲ್ಲಿ ಜಾನ್ ಕ್ಯಾರಲ್ ಬರೆದ ಪೊಲಾರ್ಡನ ಜೀವನಚರಿತ್ರೆ ಆ ಟಿಪ್ಪಣಿಯನ್ನು ಪುಟದ ಮೇಲಕ್ಕೆ ತಂದಿತು.

ಇನ್ನು ಸಾಕರಿನ ಕಡೆಗೆ ತಿರುಗೋಣ. 1921ರ ಸೆಪ್ಟೆಂಬರಿನಲ್ಲಿ, ಅಂದರೆ ಕ್ಯಾಂಟನ್ ಸಭೆಯ ಒಂದು ವರ್ಷದ ಅನಂತರ, ಅಮೆರಿಕನ್ ಸಾಕರ್ ಲೀಗ್ ಆರಂಭವಾಯಿತು. ಅದೂ ಮಿಲ್ಲುಗಳ ಕೂಸೇ: ಬೆತ್ಲೆಹೆಮ್ಮಿನ ಉಕ್ಕಿನ ಕಾರ್ಖಾನೆ, ಪಾಟಕೆಟ್ಟಿನ ಜೆ. ಅಂಡ್ ಪಿ. ಕೋಟ್ಸ್ ಎಂಬ ದಾರದ ಗಿರಣಿ, ಹತ್ತಿಯ ಊರಾದ ಫಾಲ್ ರಿವರ್. ಗ್ಲಾಸ್ಗೋದಲ್ಲಿ ಹುಟ್ಟಿದ ಆರ್ಚಿ ಸ್ಟಾರ್ಕ್ 1924–25ರ ಋತುವಿನಲ್ಲಿ ಬೆತ್ಲೆಹೆಮ್ ತಂಡಕ್ಕಾಗಿ 67 ಲೀಗ್ ಗೋಲುಗಳನ್ನು ಹೊಡೆದನು; 1927–28ರಲ್ಲಿ ಎವರ್ಟನ್ನಿನ ಡಿಕ್ಸಿ ಡೀನ್ ಹೊಡೆದ 60 ಗೋಲುಗಳನ್ನು ಇಂಗ್ಲೆಂಡು ಇಂದಿಗೂ ಜಪಿಸುತ್ತದೆ, ಸ್ಟಾರ್ಕನನ್ನು ಅಮೆರಿಕ ಬಲ್ಲುದೆ? ಮ್ಯಾಸಚೂಸೆಟ್ಸಿನಲ್ಲಿ ಭಾನುವಾರದ ಆಟಗಳಿಗೆ ಕಾನೂನಿನ ತಡೆಯಿದ್ದುದರಿಂದ ಫಾಲ್ ರಿವರ್ ಮಾರ್ಕ್ಸ್‌ಮೆನ್ ತಂಡದ ಒಡೆಯ ಸ್ಯಾಮ್ ಮಾರ್ಕ್ ತನ್ನ ಕ್ರೀಡಾಂಗಣವನ್ನು ಗಡಿಯಾಚೆ, ರೋಡ್ ಐಲೆಂಡಿನ ಟೈವರ್ಟನ್ನಿನಲ್ಲಿ ಕಟ್ಟಿಸಿದುದು ಆ ಕಾಲದ ವ್ಯವಹಾರಚಾತುರ್ಯಕ್ಕೆ ಒಳ್ಳೆಯ ನಿದರ್ಶನ. ಆದರೆ 1928ರಲ್ಲಿ ಲೀಗಿಗೂ ರಾಷ್ಟ್ರೀಯ ಸಂಘಕ್ಕೂ ಕಪ್ ಪಂದ್ಯಗಳ ವಿಷಯವಾಗಿ ಹುಟ್ಟಿದ ‘ಸಾಕರ್ ಯುದ್ಧ’ವೂ ಅದರ ಬೆನ್ನಿಗೇ ಬಂದ ಆರ್ಥಿಕ ಕುಸಿತವೂ ಸೇರಿ 1933ರ ವೇಳೆಗೆ ಈ ಲೀಗನ್ನು ನಾಮಾವಶೇಷಗೊಳಿಸಿದವು. ಕಚೇರಿ ಹೋಯಿತು, ಕಾಗದಗಳ ಯೋಗಕ್ಷೇಮ ವಹಿಸುವವರು ಯಾರೂ ಉಳಿಯಲಿಲ್ಲ.

ಆದ್ದರಿಂದ ಇಲ್ಲಿ ಸಂಶೋಧಕನಿಗೆ ಪತ್ರಿಕೆಯೇ ಪ್ರಥಮ ಆಕರ, ಬಹುಮಟ್ಟಿಗೆ ಅಂತಿಮ ಆಕರವೂ ಹೌದು. 1979ರಲ್ಲಿ ಸ್ಯಾಮ್ ಫೌಲ್ಡ್ಸ್ ಮತ್ತು ಪಾಲ್ ಹ್ಯಾರಿಸ್ ಬರೆದ ಪುಸ್ತಕ ಪ್ರೀತಿಯಿಂದ ಬರೆದುದು, ಶಿಥಿಲವಾದುದು. 1993ರಲ್ಲಿ ಅಮೆರಿಕನ್ ಸಾಕರ್ ಚರಿತ್ರೆಯ ಸಂಘವು ಸ್ಥಾಪಿತವಾಯಿತು. ಕೆನಡಾದಲ್ಲಿ ನೆಲೆಸಿದ್ದ ಕಾಲಿನ್ ಜೋಸ್ ಎಂಬ ಚರಿತ್ರಕಾರ 1998ರಲ್ಲಿ ಪ್ರಕಟಿಸಿದ, ಆ ಲೀಗಿನ 1921ರಿಂದ 1931ರವರೆಗಿನ ಪಂದ್ಯಗಳನ್ನೂ ಆಟಗಾರರನ್ನೂ ಗೋಲುಗಳನ್ನೂ ಕ್ರಮವಾಗಿ ದಾಖಲಿಸಿದ ಗ್ರಂಥ, ನನ್ನ ದೃಷ್ಟಿಯಲ್ಲಿ, ಈ ಕ್ಷೇತ್ರದ ಅಡಿಗಲ್ಲು. ಅದರಲ್ಲಿ ಶೈಲಿಯಿಲ್ಲ, ವಾದವಿಲ್ಲ, ಪುಟಪುಟಕ್ಕೂ ಕೋಷ್ಟಕ. ಆ ಕೋಷ್ಟಕಗಳಿಲ್ಲದೆ ತರುವಾಯದ ಯಾವ ವಾದವೂ ನಿಲ್ಲುತ್ತಿರಲಿಲ್ಲ. 2001ರಲ್ಲಿ ರೋಜರ್ ಅಲವೇ ಮತ್ತು ಡೇವಿಡ್ ಲಿಟರರ್ ಅವರೊಡಗೂಡಿ ಜೋಸ್ ಹೊರತಂದ ವಿಶ್ವಕೋಶ ಆ ಕೆಲಸದ ವಿಸ್ತಾರ.

ಈ ಶ್ರಮದ ಫಲವನ್ನು ಒಬ್ಬ ಗೋಲುಗಾರನ ಬಾಳಿನಿಂದ ಅಳೆಯಬಹುದು. ಬರ್ಟ್ ಪೆಟನೋಡ್ 1909ರಲ್ಲಿ ಫಾಲ್ ರಿವರಿನಲ್ಲಿ, ಕೆನಡಾದಿಂದ ವಲಸೆ ಬಂದ ಫ್ರೆಂಚ್ ಮೂಲದ ಜನರ ನಡುವೆ ಹುಟ್ಟಿದವನು, ಸೆಂಟರ್ ಫಾರ್ವರ್ಡ್. ಹದಿಹರೆಯ ಕಳೆಯುವ ಮೊದಲೇ ಲೀಗಿಗೆ ಬಂದು, ಊರಿನ ಮಾರ್ಕ್ಸ್‌ಮೆನ್ ತಂಡದಲ್ಲಿ ಹೆಸರು ಮಾಡಿದನು. ಉರುಗ್ವೆಯಲ್ಲಿ ನಡೆದ ಮೊದಲ ವಿಶ್ವಕಪ್ಪಿನಲ್ಲಿ 1930ರ ಜುಲೈ 17ರಂದು ಅಮೆರಿಕ ಪರಾಗ್ವೆಯನ್ನು 3–0ರಿಂದ ಸೋಲಿಸಿತು. ಮೂರೂ ಗೋಲುಗಳು ಅವನವೇ. ಎರಡು ದಿನಗಳ ಅನಂತರ ಅರ್ಜೆಂಟೀನದ ಗಿಯೆರ್ಮೊ ಸ್ಟಾಬಿಲೆ ಮೆಕ್ಸಿಕೋ ವಿರುದ್ಧ ಮೂರು ಗೋಲು ಹೊಡೆದನು. ವಿಶ್ವಕಪ್ಪಿನ ಪ್ರಥಮ ಹ್ಯಾಟ್ರಿಕ್ ಎಂಬ ಕೀರ್ತಿ ಮುಕ್ಕಾಲು ಶತಮಾನ ಕಾಲ ಸ್ಟಾಬಿಲೆಯದಾಯಿತು. ಕಾರಣವೆಂದರೆ ಪೆಟನೋಡನ ಎರಡನೆಯ ಗೋಲನ್ನು ಒಂದು ದಾಖಲೆ ನಾಯಕ ಟಾಮ್ ಫ್ಲೋರಿಯ ಹೆಸರಿಗೂ, ಇನ್ನೊಂದು ಪರಾಗ್ವೆಯವನು ತನ್ನ ಬಲೆಗೇ ತಳ್ಳಿದ ಗೋಲೆಂದೂ ಬರೆದುಕೊಂಡಿದ್ದವು. ಜೋಸ್ ಮೊದಲಾದವರು ತಂಡದ ವ್ಯವಸ್ಥಾಪಕ ವಿಲ್‌ಫ್ರೆಡ್ ಕಮಿಂಗ್ಸನ ವರದಿಯನ್ನೂ, ಸಮಕಾಲೀನ ಪತ್ರಿಕೆಗಳನ್ನೂ, ಸಹ ಆಟಗಾರರ ನೆನಪುಗಳನ್ನೂ ತಾಳೆಹಾಕಿ ಮಂಡಿಸಿದ ಮೇಲೆ, 2006ರ ನವೆಂಬರಿನಲ್ಲಿ ಫಿಫಾ ಆ ಗೋಲನ್ನು ಪೆಟನೋಡನಿಗೆ ಮರಳಿಸಿತು. ಅವನು 1974ರಲ್ಲಿಯೇ ತೀರಿಕೊಂಡಿದ್ದನು. ನಾಲ್ಕು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆರು ಗೋಲು ಹೊಡೆದವನನ್ನು ಆ ಬಳಿಕ ದೇಶವು ಮತ್ತೆ ಆಡಲು ಕರೆಯಲೇ ಇಲ್ಲವೆಂಬುದೂ ಇಲ್ಲಿ ಹೇಳತಕ್ಕದ್ದು.

ಕ್ಲಬ್ಬಿನ ಲೆಕ್ಕ ಇನ್ನೂ ಜಟಿಲ. 1931ರಲ್ಲಿ ಸ್ಯಾಮ್ ಮಾರ್ಕ್ ತನ್ನ ತಂಡವನ್ನು ನ್ಯೂಯಾರ್ಕಿಗೆ ಒಯ್ದು, ಅಲ್ಲಿಯ ಒಂದು ತಂಡದೊಡನೆ ಕೂಡಿಸಿ, ನ್ಯೂಯಾರ್ಕ್ ಯಾಂಕೀಸ್ ಎಂದು ಕರೆದನು. ಆದರೆ ರಾಷ್ಟ್ರೀಯ ಚಾಲೆಂಜ್ ಕಪ್ಪಿನ ಪಂದ್ಯಗಳು ಆಗಲೇ ನಡುವಿನಲ್ಲಿದ್ದುದರಿಂದ ಅದೇ ಆಟಗಾರರು ಅಲ್ಲಿ ಫಾಲ್ ರಿವರಿನ ಹೆಸರಿನಲ್ಲಿಯೇ ಆಡಬೇಕಾಯಿತು. ಫೈನಲಿನ ಮೊದಲ ಪಂದ್ಯದಲ್ಲಿ ಶಿಕಾಗೋದ ಬ್ರಿಕ್‌ಲೇಯರ್ಸ್ ವಿರುದ್ಧ ಬಂದ ಆರು ಗೋಲುಗಳಲ್ಲಿ ಐದು ಪೆಟನೋಡನವು. ಯಾವ ವಾರ ಅವನು ಯಾವ ಊರಿನವನೆಂಬ ಪ್ರಶ್ನೆಗೆ ಬೇರೆ ಬೇರೆ ಕೋಷ್ಟಕಗಳು ಬೇರೆ ಬೇರೆ ಉತ್ತರ ಕೊಟ್ಟರೆ ಅದರಲ್ಲಿ ಆಶ್ಚರ್ಯವೇನು? ಲೀಗು ಕುಸಿದ ಮೇಲೆ ಅವನು ಸೇಂಟ್ ಲೂಯಿಗೆ ಹೋಗಿ ಸೆಂಟ್ರಲ್ ಬ್ರೂವರೀಸ್ ತಂಡದಲ್ಲಿ 1935ರ ಕಪ್ಪನ್ನು ಗೆದ್ದನು.

1930ರ ಆ ತಂಡ ಸೆಮಿಫೈನಲ್ ತಲುಪಿದುದಕ್ಕೆ ಕಾರಣ ಅದು ಬ್ರಿಟನ್ನಿನಿಂದ ಹಣಕ್ಕೆ ಕೊಂಡುತಂದ ವೃತ್ತಿಪರರ ಕೂಟವಾಗಿದ್ದುದೆಂದು ಬರೆಯುವುದು ಇಂದಿಗೂ ನಿಂತಿಲ್ಲ. ಬ್ರಿಟನ್ನಿನಲ್ಲಿ ಹುಟ್ಟಿದ ಆರು ಮಂದಿ ಇದ್ದುದು ನಿಜ; ಆ ಆರರಲ್ಲಿ ಅಲ್ಲಿಯ ವೃತ್ತಿಪರ ಲೀಗಿನಲ್ಲಿ ಆಡಿದ್ದವನು ಟ್ರಾನ್‌ಮಿಯರ್ ರೋವರ್ಸಿನ ಜಾರ್ಜ್ ಮೂರ್‌ಹೌಸ್ ಒಬ್ಬನೇ. ಉಳಿದವರು ಆಟದಲ್ಲಿ ಹೆಸರಾದುದು ಅಮೆರಿಕದಲ್ಲಿ. ಸಂಶೋಧಕರು ಇದನ್ನು ಹೆಸರು ಹೆಸರಾಗಿ ತೋರಿಸಿಕೊಟ್ಟು ಬಹುಕಾಲವಾಯಿತು. ಓದುವ ತಾಳ್ಮೆ ಮಾತ್ರ ವಿರಳ.

ವಿದ್ವಾಂಸರು ಈ ಕ್ಷೇತ್ರಕ್ಕೆ ಬಂದುದು ತಡವಾಗಿ, ಬಂದಾಗ ಸಿದ್ಧಾಂತಸಮೇತವಾಗಿ. 2001ರಲ್ಲಿ ಆಂಡ್ರೇ ಮಾರ್ಕೊವಿಟ್ಸ್ ಮತ್ತು ಸ್ಟೀವನ್ ಹೆಲರ್ಮನ್ ಮಂಡಿಸಿದ, ಬೇಸ್‌ಬಾಲೂ ಫುಟ್‌ಬಾಲೂ ರಾಷ್ಟ್ರದ ಕ್ರೀಡಾವಕಾಶವನ್ನು ಮೊದಲೇ ಆಕ್ರಮಿಸಿದ್ದರಿಂದ ಸಾಕರಿಗೆ ಎಡೆ ಉಳಿಯಲಿಲ್ಲವೆಂಬ ವಾದ ಪ್ರೌಢವಾದುದೇ. ಆದರೆ 1925ರಲ್ಲಿ ವೃತ್ತಿಪರ ಫುಟ್‌ಬಾಲೇ ಇನ್ನೂ ಅಸ್ಥಿರವಾಗಿದ್ದು, ಕಾಲೇಜಿನಿಂದ ನೇರವಾಗಿ ಬಂದ ರೆಡ್ ಗ್ರೇಂಜನ ಜನಾಕರ್ಷಣೆಯನ್ನು ಊರೂರಿಗೆ ಕೊಂಡೊಯ್ದು ಹೊಟ್ಟೆ ಹೊರೆಯಬೇಕಾಗಿದ್ದಾಗ, ಯಾವ ಆಟ ಯಾವುದರ ಜಾಗವನ್ನು ಆಕ್ರಮಿಸಿತ್ತೆಂಬುದು ಅಷ್ಟು ಸುಲಭವಾಗಿ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಸಾಕರಿನ ಚರಿತ್ರೆಯನ್ನು ಫುಟ್‌ಬಾಲಿನ ಜಗತ್ತಿನ ನಡುವೆ ಇಟ್ಟು ನೋಡಿದ ಡೇವಿಡ್ ವ್ಯಾಂಗರಿನನ 2006ರ ಪುಸ್ತಕ, ಕೋಷ್ಟಕವನ್ನೂ ಕಥನವನ್ನೂ ಒಂದೇ ಕೈಯಿಂದ ಬರೆಯಬಹುದೆಂದು ತೋರಿಸಿತು. ಆತ 2012ರಲ್ಲಿ ಅಕಾಲದಲ್ಲಿ ತೀರಿಕೊಂಡುದು ಈ ಕ್ಷೇತ್ರಕ್ಕೆ ಒದಗಿದ ದೊಡ್ಡ ನಷ್ಟ.

ಓನಿಯೋಂಟಾದಲ್ಲಿದ್ದ ಸಾಕರ್ ಕೀರ್ತಿಮಂದಿರವು 2010ರಲ್ಲಿ ಸಾರ್ವಜನಿಕರಿಗೆ ಮುಚ್ಚಿತು. ಅದರ ಸಂಗ್ರಹ ಉತ್ತರ ಕ್ಯಾರೊಲೈನಾದ ಒಂದು ಉಗ್ರಾಣಕ್ಕೆ ಸಾಗಿತು. 2018ರಲ್ಲಿ ಟೆಕ್ಸಸ್ಸಿನ ಫ್ರಿಸ್ಕೋದಲ್ಲಿ ಹೊಸ ಮಂದಿರ ತೆರೆಯಿತು. ಅದೇ ವರ್ಷಗಳಲ್ಲಿ ಕ್ಯಾಂಟನ್ನಿನ ಮಂದಿರ ತನ್ನ ಕಟ್ಟಡಗಳನ್ನು ವಿಸ್ತರಿಸುತ್ತಲೇ ಇದ್ದಿತು. ಈಗ ಹಳೆಯ ಪತ್ರಿಕೆಗಳು ಗಣಕಯಂತ್ರದಲ್ಲಿ ಹುಡುಕಲು ದೊರೆಯುತ್ತಿರುವುದರಿಂದ ತರುಣರು ಒಂದು ಸಂಜೆಯಲ್ಲಿ ಮಾಡುವ ಕೆಲಸಕ್ಕೆ ಹಿಂದೆ ಒಂದು ಚಳಿಗಾಲವೇ ಬೇಕಾಗುತ್ತಿತ್ತು. ಆದರೆ ಅವರು ಹುಡುಕುವುದೂ ನಾವು ಹುಡುಕಿದಂತೆ ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳಲ್ಲಿಯೇ. ಪೆಟನೋಡನ ಊರಿನ ಫ್ರೆಂಚ್ ಮನೆಗಳು ಓದುತ್ತಿದ್ದ ಪತ್ರಿಕೆಗಳನ್ನೂ, ಅವನ ಜೊತೆಗಾರ, ಪೋರ್ಚುಗೀಸ್ ಮೂಲದ ಬಿಲ್ಲಿ ಗೊನ್ಸಾಲ್ವೆಸನ ಬಂಧುಗಳು ಓದುತ್ತಿದ್ದ ಪತ್ರಿಕೆಗಳನ್ನೂ ಸಾಲುಸಾಲಾಗಿ ಓದಿ ಒಂದು ಋತುವಿನ ಲೆಕ್ಕವನ್ನಾದರೂ ಮತ್ತೆ ಕೂಡಿಸುವ ಕೆಲಸಕ್ಕೆ ಆ ಭಾಷೆಗಳನ್ನು ಬಲ್ಲವರು, ಅವರಿಗೆ ಸಂಬಳ ಕೊಡುವ ಒಂದು ಸಂಸ್ಥೆ, ಇವೆರಡೂ ಬೇಕಾಗಿವೆ.