ಅಂತರರಾಜ್ಯ ವಲಸೆ ಕಾರ್ಮಿಕರ ನೇಮಕ: ಮಾಲೀಕರ ಕಾನೂನು ಹೊಣೆ

ಒಂದು ರಾಜ್ಯದ ಕೂಲಿಕಾರರನ್ನು ಇನ್ನೊಂದು ರಾಜ್ಯದಲ್ಲಿ ದುಡಿಸಿಕೊಳ್ಳುವ ಮಾಲೀಕರೂ ಗುತ್ತಿಗೆದಾರರೂ ಪಾಲಿಸಬೇಕಾದ ನಿಯಮಗಳ ಸಮೂಹ. ವಿದೇಶಿ ನೌಕರನನ್ನು ನೇಮಿಸಿಕೊಳ್ಳಲು ವೀಸಾ ಮತ್ತು ನೋಂದಣಿಯ ವಿಧಿಗಳಿವೆ; 2025ರ ಸೆಪ್ಟೆಂಬರ್ 1ರಿಂದ ಇವು ವಲಸೆ ಮತ್ತು ವಿದೇಶಿಯರ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ದೇಶದೊಳಗಿನ ವಲಸೆಗೆ ಇಂಥ ಅನುಮತಿ ಬೇಕಿಲ್ಲ. ಸಂವಿಧಾನದ 19ನೇ ವಿಧಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ, ದುಡಿಯುವ ಹಕ್ಕು ಕೊಟ್ಟಿದೆ. ಹಾಗಾಗಿ ಇಲ್ಲಿ ಕಾನೂನಿನ ಭಾರ ಇರುವುದು ಹೋಗುವವನ ಮೇಲಲ್ಲ, ಕರೆದೊಯ್ಯುವವನ ಮೇಲೆ.

ತಂಬ್ರಹಳ್ಳಿ ಸೀಮೆಯ ಗುಳೆ

ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯೂ, ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳೂ ಬಹುಪಾಲು ಮಳೆಯಾಶ್ರಿತ ನೆಲ. ತುಂಗಭದ್ರೆಯ ಹಿನ್ನೀರು ಪಕ್ಕದಲ್ಲೇ ಇದ್ದರೂ ಏತ ನೀರಾವರಿ ಮುಟ್ಟಿದ ಹೊಲಗಳಿಗಷ್ಟೇ ಅದರ ಭಾಗ್ಯ. ಜೋಳ, ಮೆಕ್ಕೆಜೋಳ, ಶೇಂಗಾ ಒಕ್ಕಲಾದ ಮೇಲೆ ಹಳ್ಳಿಗಳಿಂದ, ಅದರಲ್ಲೂ ಲಂಬಾಣಿ ತಾಂಡಾಗಳಿಂದ ಜನ ಗುಳೆ ಹೊರಡುತ್ತಾರೆ: ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮೇಸ್ತ್ರಿ ಮುಂಗಡ ಕೊಟ್ಟು ಗ್ಯಾಂಗು ಕಟ್ಟುತ್ತಾನೆ. ಗಂಡ ಹೆಂಡತಿ ಜೋಡಿಯಾಗಿ ಹೋಗುತ್ತಾರೆ. ಮನೆಯಲ್ಲಿ ಮುದುಕರು, ಕೆಲವೊಮ್ಮೆ ಶಾಲೆಯ ಮಕ್ಕಳು ಉಳಿಯುತ್ತಾರೆ. ಇದಕ್ಕೆ ಎದುರು ದಿಕ್ಕಿನ ವಲಸೆಯೂ ಉಂಟು. ತೋರಣಗಲ್ಲಿನ ಉಕ್ಕಿನ ಸ್ಥಾವರದ ಸುತ್ತ ಬಿಹಾರ, ಒಡಿಶಾದ ಕಾರ್ಮಿಕರು ದುಡಿಯುತ್ತಾರೆ.

ಕಾನೂನು ಅಳೆಯುವುದು ದೂರವನ್ನಲ್ಲ, ಗಡಿಯನ್ನು. ಕೂಡ್ಲಿಗಿಯ ಗ್ಯಾಂಗು ಹತ್ತಿರದ ರಾಯದುರ್ಗಕ್ಕೆ ಹೋದರೆ ಅದು ಆಂಧ್ರ, ಆದ್ದರಿಂದ ಅಂತರರಾಜ್ಯ ವಲಸೆ. ಅದೇ ಗ್ಯಾಂಗು ನೂರಾರು ಕಿಲೋಮೀಟರ್ ದೂರದ ಮಂಡ್ಯಕ್ಕೆ ಹೋದರೆ ಈ ಕಾನೂನಿನ ಕಣ್ಣಿಗೆ ವಲಸೆಯೇ ಅಲ್ಲ.

1979ರ ಕಾಯ್ದೆ

ಈ ಕಾಯ್ದೆಯ ಮೂಲ ಒಡಿಶಾದಲ್ಲಿದೆ. ಅಲ್ಲಿ ಸರ್ದಾರರು ಮುಂಗಡ ಕೊಟ್ಟು ದೂರದ ಕಾಮಗಾರಿಗಳಿಗೆ ಜನರನ್ನು ಸಾಗಿಸುವ ದಾದನ್ ಪದ್ಧತಿ ಇತ್ತು. ಹೇಳಿದ ಕೂಲಿ ಸಿಗುತ್ತಿರಲಿಲ್ಲ, ದಿನದ ದುಡಿಮೆಗೆ ಹೊತ್ತುಗೊತ್ತು ಇರಲಿಲ್ಲ, ಮರಳಲು ಬಸ್ಸಿನ ಹಣವೂ ಕೈಯಲ್ಲಿರುತ್ತಿರಲಿಲ್ಲ. 1975ರಲ್ಲಿ ಒಡಿಶಾ ತನ್ನದೇ ದಾದನ್ ಕಾರ್ಮಿಕರ ಕಾಯ್ದೆ ಮಾಡಿತು. ಆದರೆ ಒಂದು ರಾಜ್ಯದ ಕಾನೂನು ಇನ್ನೊಂದು ರಾಜ್ಯದ ಕಾಮಗಾರಿಯ ಬಾಗಿಲಲ್ಲೇ ನಿಂತುಬಿಡುತ್ತದೆ. 1976ರ ಕಾರ್ಮಿಕ ಸಚಿವರ ಸಮ್ಮೇಳನ ವಿಷಯವನ್ನು ಕೈಗೆತ್ತಿಕೊಂಡಿತು. ಬಳಿಕ ನೇಮಿಸಿದ ಸಮಿತಿಯ ಶಿಫಾರಸಿನ ಮೇಲೆ ಸಂಸತ್ತು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅಂಗೀಕರಿಸಿತು. 1980ರ ಅಕ್ಟೋಬರ್ 2ರಿಂದ ಅದು ಜಾರಿಗೆ ಬಂತು. 1982ರ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಾಮಗಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಹೇಳಿತು.

ಐದು ಅಥವಾ ಹೆಚ್ಚು ಹೊರರಾಜ್ಯದ ಕಾರ್ಮಿಕರಿದ್ದ ಸಂಸ್ಥೆ ನೋಂದಣಿ ಮಾಡಿಸಬೇಕಿತ್ತು. ಗುತ್ತಿಗೆದಾರನಿಗೆ ಜನ ಕಟ್ಟುವ ರಾಜ್ಯದಲ್ಲೊಂದು, ದುಡಿಸುವ ರಾಜ್ಯದಲ್ಲೊಂದು ಪರವಾನಗಿ ಬೇಕಿತ್ತು. ನೇಮಕವಾದ 15 ದಿನದೊಳಗೆ ಎರಡೂ ರಾಜ್ಯಗಳ ಅಧಿಕಾರಿಗಳಿಗೆ ವಿವರ ಸಲ್ಲಿಸಿ, ಪ್ರತಿಯೊಬ್ಬನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಕೂಲಿಯ ಜೊತೆಗೆ ತಿಂಗಳ ವೇತನದ ಅರ್ಧದಷ್ಟು, ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದನ್ನು ಸ್ಥಳಾಂತರ ಭತ್ಯೆಯಾಗಿ ಕೊಡಬೇಕೆಂಬ ನಿಯಮವಿತ್ತು. ತಿಂಗಳಿಗೆ 12,000 ರೂಪಾಯಿ ಗೊತ್ತಾದವನಿಗೆ 6,000 ರೂಪಾಯಿ; ಅದನ್ನು ಮರಳಿ ಕೇಳುವಂತಿರಲಿಲ್ಲ, ಕೂಲಿಯಲ್ಲಿ ಮುರಿಯುವಂತಿರಲಿಲ್ಲ. ಊರಿನಿಂದ ಹೋಗಿಬರುವ ಖರ್ಚು, ಪ್ರಯಾಣದ ದಿನಗಳ ಕೂಲಿ, ವಸತಿ, ಔಷಧೋಪಚಾರ ಇವೂ ಸೇರಿದ್ದವು. ಗುತ್ತಿಗೆದಾರ ಕೈಕೊಟ್ಟರೆ ಪ್ರಧಾನ ಮಾಲೀಕನೇ ಕೂಲಿ ತೆರಬೇಕಿತ್ತು.

ತಂಬ್ರಹಳ್ಳಿಯಂಥ ಊರಿಗೆ ಹೆಚ್ಚು ಮುಖ್ಯವಾಗಿದ್ದದ್ದು ಈ ಕಾಯ್ದೆಯ 19ನೇ ಕಲಮು. ದುಡಿಮೆಯ ಅವಧಿ ಮುಗಿದಾಗ ಗುತ್ತಿಗೆದಾರನೋ ಮಾಲೀಕನೋ ಕೊಟ್ಟ ಸಾಲ ಬಾಕಿ ಉಳಿದಿದ್ದರೆ ಅದು ತೀರಿಹೋದಂತಾಗುತ್ತಿತ್ತು. ಮುಂಗಡ ಮುರಿಯಲಿಲ್ಲವೆಂದು ಮುಂದಿನ ವರ್ಷವೂ ಎಳೆದೊಯ್ಯುವ ಮೇಸ್ತ್ರಿಯ ಲೆಕ್ಕ ಈ ಕಲಮಿನ ಎದುರು ನಿಲ್ಲುತ್ತಿರಲಿಲ್ಲ. ಊರಿಗೆ ಮರಳಿದವನು ಆರು ತಿಂಗಳೊಳಗೆ ತನ್ನ ರಾಜ್ಯದಲ್ಲೇ ವ್ಯಾಜ್ಯ ಹೂಡಲೂ ಅವಕಾಶವಿತ್ತು.

ಇಷ್ಟೆಲ್ಲ ಬರೆದ ಕಾಯ್ದೆ ತಪ್ಪಿತಸ್ಥನಿಗೆ ಇಟ್ಟ ಶಿಕ್ಷೆ 1,000 ರೂಪಾಯಿವರೆಗಿನ ದಂಡ, ಇಲ್ಲವೆ ಒಂದು ವರ್ಷದವರೆಗಿನ ಸೆರೆ, ಅಥವಾ ಎರಡೂ. ಇದಕ್ಕಿಂತ ದೊಡ್ಡ ಕೊರತೆ ವ್ಯಾಖ್ಯೆಯದು: ಗುತ್ತಿಗೆದಾರನ ಮೂಲಕ ಹೋದವನಷ್ಟೇ ವಲಸೆ ಕಾರ್ಮಿಕನಾಗಿದ್ದ. ತಾನಾಗಿ ರೈಲು ಹತ್ತಿದವನು ಲೆಕ್ಕಕ್ಕೇ ಬರಲಿಲ್ಲ. ಕೋವಿಡ್ ಲಾಕ್‌ಡೌನಿನ ನಡುವೆ, 2020ರ ಮೇ ಮೊದಲ ವಾರ, ಕರ್ನಾಟಕ ಸರ್ಕಾರ ಕಟ್ಟಡ ಉದ್ಯಮಿಗಳ ಸಭೆಯ ಬೆನ್ನಿಗೇ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ ರೈಲುಗಳನ್ನು ನಿಲ್ಲಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಾಗ, ದುಡಿಯುವ ಕೈಗಳನ್ನು ಹಿಡಿದಿಟ್ಟುಕೊಳ್ಳುವ ಹಂಬಲ ಎಷ್ಟು ಬಲವಾದದ್ದೆಂದು ಬಯಲಾಯಿತು.

2020ರ ಸಂಹಿತೆ

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಯಾಗಿ ಹಳೆಯ ಕಾಯ್ದೆಯ ಜಾಗಕ್ಕೆ ಬಂತು. ತಾನಾಗಿ ಬಂದವನೂ ಈಗ ವಲಸೆ ಕಾರ್ಮಿಕನೇ, ತಿಂಗಳ ವೇತನ 18,000 ರೂಪಾಯಿ ಮೀರಿರಬಾರದು ಅಷ್ಟೆ. ಆದರೆ ಅನ್ವಯಕ್ಕೆ ಬೇಕಾದ ಸಂಖ್ಯೆ ಐದರಿಂದ ಹತ್ತಕ್ಕೇರಿತು. ಪ್ರಯಾಣ ಭತ್ಯೆ ಉಳಿಯಿತು. ಸ್ಥಳಾಂತರ ಭತ್ಯೆ, ಪಾಸ್‌ಬುಕ್ ಹೋದವು. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ, ಸಹಾಯವಾಣಿ, ದುಡಿಯುವ ಊರಲ್ಲೇ ಪಡಿತರ ಪಡೆಯುವ ಅನುಕೂಲ ಸೇರಿದವು. ಸಾಮಾನ್ಯ ಉಲ್ಲಂಘನೆಗೆ ದಂಡ 2ರಿಂದ 3 ಲಕ್ಷ ರೂಪಾಯಿ.

ರಾಜ್ಯದೊಳಗಿನ ಗುಳೆ

ಮಂಡ್ಯ, ಬೆಂಗಳೂರಿನ ದಾರಿ ಹಿಡಿಯುವವರು ಹಳೆಯ ವ್ಯಾಖ್ಯೆಗೂ ಹೊಸ ವ್ಯಾಖ್ಯೆಗೂ ಹೊರಗೇ ಉಳಿದಿದ್ದಾರೆ. ಈ ಸೀಮೆಯ ಮಟ್ಟಿಗೆ ಇದು ಕಾನೂನಿನ ಅತಿ ದೊಡ್ಡ ಬಿರುಕು ಎನ್ನಬಹುದು. ಅವರಿಗೆ ಕನಿಷ್ಠ ಕೂಲಿಯ ನಿಯಮವಿದೆ, ಕಟ್ಟಡ ಕಾರ್ಮಿಕರಾದರೆ ಕಲ್ಯಾಣ ಮಂಡಳಿಯ ನೋಂದಣಿಯಿದೆ. ಮುಂಗಡದ ನೆಪದಲ್ಲಿ ಹಿಡಿದಿಟ್ಟುಕೊಂಡವರ ಮೇಲೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅನ್ವಯಿಸುತ್ತದೆ. ಅದಕ್ಕೆ ರಾಜ್ಯದ ಗಡಿಯ ಹಂಗಿಲ್ಲ. ಜೀತದ ಸಾಲ ಅದರಡಿ ತೀರಿದಂತೆಯೇ, ಜೀತಕ್ಕಿಟ್ಟವನಿಗೆ ಮೂರು ವರ್ಷದವರೆಗೆ ಸೆರೆವಾಸ. ದೂರನ್ನು ಕೆಲಸ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಕೊಡಬಹುದು.