ಕಿರುಸೇತುವೆಯೂ ಪ್ರಾಕ್ತನ ಭೂಮಿಯೂ: ನಾರಾಯಣಪುರ ಸೀಮೆಯ ಒಂದು ಸಮೀಕ್ಷೆ

ಕೃಷ್ಣಾ ಭೀಮಾ ನದಿಗಳ ನಡುವೆ ಹರಡಿಕೊಂಡಿರುವ ಸುರಪುರ, ಶಹಾಪುರ, ಹುಣಸಗಿ ತಾಲ್ಲೂಕುಗಳ ಕಪ್ಪು ನೆಲದಲ್ಲಿ ಹಳ್ಳಗಳಿಗೆ ಕೊರತೆಯಿಲ್ಲ. ಬೇಸಗೆಯಲ್ಲಿ ಮಣ್ಣುಗೆರೆಗಳಂತೆ ಒಣಗಿ ಮಲಗಿರುವ ಈ ಹಳ್ಳಗಳು ಮೃಗಶಿರೆಯ ಮಳೆ ಬಿದ್ದ ರಾತ್ರಿ ಎರಡು ದಂಡೆಗಳನ್ನೂ ಮೀರಿ ಹರಿಯುವುದರಿಂದ, ಊರಿಂದ ಊರಿಗೆ ಹೋಗುವ ಮಾರ್ಗಗಳ ಮೇಲೆ ಕಟ್ಟಿದ ಕಿರುಸೇತುವೆಗಳು ಬಹುಬೇಗ ಜೀರ್ಣವಾಗಿ, ಅವುಗಳ ಸ್ಥಾನದಲ್ಲಿ ಹೊಸ ಸೇತುವೆಗಳನ್ನು ನಿರ್ಮಿಸುವ ಪ್ರಸಂಗ ಪದೇ ಪದೇ ಒದಗುತ್ತದೆ. ಅಂತಹ ಕಾರ್ಯಕ್ಕೆ ಅಂದಾಜು ಪಟ್ಟಿ ಸಿದ್ಧವಾಗುವಾಗ ಪ್ರವಾಹದ ಅತ್ಯುನ್ನತ ಮಟ್ಟವೆಷ್ಟು, ನೆಲ ತಾಳಬಲ್ಲ ಭಾರವೆಷ್ಟು, ಗಟ್ಟಿ ಬಂಡೆ ಎಷ್ಟು ಆಳದಲ್ಲಿದೆ ಎಂಬುದನ್ನೆಲ್ಲ ವಿಚಾರಿಸುವರು. ಆ ಬಂಡೆಗೂ ಮೇಲ್ಮಣ್ಣಿಗೂ ನಡುವೆ ಪೂರ್ವಜರ ಬಾಳಿನ ಅವಶೇಷವೇನಾದರೂ ಇದೆಯೇ ಎಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಏಳುವುದಿಲ್ಲ. ನಿರ್ಮಾಣಕ್ಕೆ ಮುನ್ನ ನೆಲವನ್ನು ಪುರಾತತ್ತ್ವದ ದೃಷ್ಟಿಯಿಂದ ಪರಿಶೀಲಿಸುವ ವಿದ್ಯೆ ನಮ್ಮಲ್ಲಿ ಹೇಗೆ ಬೆಳೆಯಿತು, ಎಲ್ಲಿ ಬಂದು ನಿಂತಿತು ಎಂಬುದನ್ನು ನೋಡುವುದಕ್ಕೆ ನಾರಾಯಣಪುರದ ಸುತ್ತಣ ಪ್ರದೇಶಕ್ಕಿಂತ ಉಚಿತವಾದ ಕ್ಷೇತ್ರ ಕರ್ನಾಟಕದಲ್ಲಿ ವಿರಳ.

ಆಶ್ಚರ್ಯದ ಸಂಗತಿಯೆಂದರೆ ಇಲ್ಲಿ ಮಾರ್ಗನಿರ್ಮಾಣವೂ ಪುರಾತತ್ತ್ವವೂ ಒಬ್ಬನೇ ವ್ಯಕ್ತಿಯ ಕೈಯಲ್ಲಿ ಕೂಡಿಯೇ ಆರಂಭವಾದುವು. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದು, ರಾಜನು ಇನ್ನೂ ಬಾಲಕನಾಗಿದ್ದ ಕಾಲದಲ್ಲಿ ಆಡಳಿತದ ಹೊಣೆಯನ್ನು ಹೊತ್ತು, 1853ರವರೆಗೆ ಅಲ್ಲಿಯೇ ನೆಲೆಸಿದ ಮೆಡೋಸ್ ಟೇಲರ್ ಅವರು ರಸ್ತೆಗಳನ್ನೂ ಕೆರೆಗಳನ್ನೂ ಮಾಡಿಸುವುದರ ಜೊತೆಗೆ ರಾಜನಕೋಳೂರು, ಹಗರಟಗಿ, ಜೇವರ್ಗಿ ಮುಂತಾದೆಡೆಗಳ ಶಿಲಾಸಮಾಧಿಗಳನ್ನು ಶೋಧಿಸಿ, ಕೆಲವನ್ನು ಅಗೆಯಿಸಿ, ತಾವು ಕಂಡುದನ್ನು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಸಮಾಧಿಗಳನ್ನು ಸಿಥಿಯನ್ನರಿಗೂ ಡ್ರೂಯಿಡರಿಗೂ ಸಂಬಂಧಿಸಿ ಅವರು ಮಾಡಿದ ಊಹೆಗಳು ಇಂದು ನಿಲ್ಲುವುದಿಲ್ಲ. ಆದರೆ ಅಗೆತದ ಪದರಗಳನ್ನು ಒಂದರ ಮೇಲೊಂದು ಬಿದ್ದಿದ್ದ ಕ್ರಮದಲ್ಲಿಯೇ ತೋರಿಸುವ ಛೇದಚಿತ್ರಗಳನ್ನು ಅವರು ಬರೆದಿಟ್ಟರೆಂಬುದು, ನೂರು ವರ್ಷಗಳ ತರುವಾಯ ಮಾರ್ಟಿಮರ್ ವ್ಹೀಲರ್ ಅವರಂತಹ ಕಟ್ಟುನಿಟ್ಟಿನ ಉತ್ಖನನಕಾರರ ಮೆಚ್ಚಿಕೆಗೂ ಪಾತ್ರವಾಯಿತು. ನೆಲವನ್ನು ಕಡಿಯುವವನು ಕಡಿದುದನ್ನು ನೋಡಿ ಬರೆದಿಡಬೇಕೆಂಬ ಮೂಲತತ್ತ್ವ ಸುರಪುರದಲ್ಲಿ ಅಷ್ಟು ಹಿಂದೆಯೇ ಆಚರಣೆಗೆ ಬಂದಿತ್ತು ಎಂಬುದನ್ನು ಈ ಸೀಮೆಯವರು ಹೆಮ್ಮೆಯಿಂದ ನೆನೆಯಬಹುದು.

ಮುಂದಿನ ಘಟ್ಟವನ್ನು ಆಕಸ್ಮಿಕ ಶೋಧಗಳ ಕಾಲವೆನ್ನಬೇಕು. 1914ರಲ್ಲಿ ನಿಜಾಮ ಸಂಸ್ಥಾನದ ಪುರಾತತ್ತ್ವ ಇಲಾಖೆ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ಮರುವರ್ಷವೇ ಮಸ್ಕಿಯ ಅಶೋಕಶಾಸನ ಬೆಳಕಿಗೆ ಬಂದುದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರ ಕಣ್ಣಿಗೆ ಬಿದ್ದುದರಿಂದ. ರಾಯಚೂರು ಸುರಪುರ ಸೀಮೆಗಳ ಅನೇಕ ಪ್ರಾಗೈತಿಹಾಸಿಕ ನೆಲೆಗಳನ್ನು ಗುರುತಿಸಿದ ಕ್ಯಾಪ್ಟನ್ ಲಿಯೊನಾರ್ಡ್ ಮನ್ ಅವರು ಬಾವಿ ತೋಡಿಸುವ ಇಲಾಖೆಯ ಅಧಿಕಾರಿಗಳು. ಬಾವಿ, ಗಣಿ, ರಸ್ತೆ ಇವುಗಳ ನೆಪದಲ್ಲಿ ಊರೂರು ತಿರುಗಿದ ಇಂತಹವರ ಋಣ ನಮ್ಮ ಮೇಲೆ ದೊಡ್ಡದು. ಆದರೂ ಆಕಸ್ಮಿಕ ಶೋಧವನ್ನು ಪರಿಶೀಲನೆಯೆಂದು ಕರೆಯಲಾಗದು, ಏಕೆಂದರೆ ಕಣ್ಣುಳ್ಳ ಅಧಿಕಾರಿ ಇದ್ದಲ್ಲಿ ಮಾತ್ರ ಅದು ಫಲಿಸಿತು. ಇಲ್ಲದೆಡೆಯಲ್ಲಿ ನವಶಿಲಾಯುಗದ ಎಷ್ಟು ಬೂದಿದಿಬ್ಬಗಳು ಹೊಲಗಳ ಗೊಬ್ಬರವಾದುವೋ, ಎಷ್ಟು ಸಮಾಧಿಗಳ ಚಪ್ಪಡಿಗಳು ಮೋರಿಗಳಿಗೆ ಹೊದಿಕೆಯಾದುವೋ, ಲೆಕ್ಕವಿಟ್ಟವರಿಲ್ಲ.

ಸ್ವಾತಂತ್ರ್ಯಾನಂತರ ಕೃಷ್ಣೆಯ ಮೇಲೆಯೇ ಈ ವಿದ್ಯೆ ಹೊಸ ರೂಪವನ್ನು ತಾಳಿತು. ನಾಗಾರ್ಜುನಸಾಗರ ಅಣೆಕಟ್ಟಿನಿಂದ ಮುಳುಗಲಿದ್ದ ನಾಗಾರ್ಜುನಕೊಂಡದ ಕಣಿವೆಯನ್ನು 1954ರಿಂದ 1960ರವರೆಗೆ ವಿಸ್ತಾರವಾಗಿ ಉತ್ಖನನ ಮಾಡಿ, ಮುಖ್ಯ ಕಟ್ಟಡಗಳನ್ನು ಎತ್ತರದ ನೆಲದಲ್ಲಿ ಮರಳಿ ಕಟ್ಟಿ, ದ್ವೀಪವಾಗಿ ಉಳಿದ ಬೆಟ್ಟದ ಮೇಲೆ ವಸ್ತುಸಂಗ್ರಹಾಲಯವನ್ನು ನೆಲೆಗೊಳಿಸಿದುದು, ಕಾಮಗಾರಿಗೆ ಮುನ್ನ ಶೋಧವೆಂಬ ಪದ್ಧತಿಗೆ ಭಾರತದಲ್ಲಿ ದೊರೆತ ಮೊದಲ ಮಹಾದೃಷ್ಟಾಂತ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾಗಿ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು ಬಸವಸಾಗರ ತುಂಬಿದಾಗ, ಹಿನ್ನೀರು ಕೂಡಲಸಂಗಮವನ್ನು ಮುಟ್ಟುವ ಕಾರಣ, ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಾಕಾರದ ಭದ್ರವಾದ ಗೋಡೆಯನ್ನೆಬ್ಬಿಸಿ, ಅಲ್ಲಿಗೆ ನಡೆದು ಹೋಗಲು ಸೇತುವೆಯನ್ನೂ ಕಟ್ಟಿ ಅದನ್ನು ರಕ್ಷಿಸಲಾಯಿತು. ಜನರ ಭಕ್ತಿ ಕಾವಲಿದ್ದ ಸ್ಥಳಕ್ಕೆ ಈ ಭಾಗ್ಯ ದೊರೆಯಿತು. ಭಕ್ತರಿಲ್ಲದ ಪ್ರಾಗೈತಿಹಾಸಿಕ ನೆಲೆಗಳ ಪಾಡು ಬೇರೆ.

ಆ ನೆಲೆಗಳ ಪರವಾಗಿ ದುಡಿದವರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ಹೆಸರನ್ನು ಮೊದಲು ಹೇಳಬೇಕು. 1965-66ರಲ್ಲಿ ನಾರಾಯಣಪುರಕ್ಕೆ ಸಮೀಪದ ಕೊಡೇಕಲ್ಲಿನ ಬೂದಿದಿಬ್ಬವನ್ನು ಅಗೆದು, ನವಶಿಲಾಯುಗದ ದನಗಾಹಿಗಳ ವಸತಿಯನ್ನು ತೋರಿಸಿಕೊಟ್ಟ ಅವರು, ಅಲ್ಲಿಂದಾಚೆಗೆ ಹುಣಸಗಿ, ಬೈಚಬಾಳ ಕಣಿವೆಗಳನ್ನು ಹೊಲ ಹೊಲವಾಗಿ, ಹಳ್ಳ ಹಳ್ಳವಾಗಿ ನಡೆದು ನೋಡಿ, ಆದಿಶಿಲಾಯುಗದ ಸುಮಾರು 200 ನೆಲೆಗಳನ್ನು ದಾಖಲಿಸಿದರು. 1990ರ ದಶಕದಲ್ಲಿ ಅಗೆದ ಬೂದಿಹಾಳದಲ್ಲಿ ದನದ ದೊಡ್ಡಿಯೂ, ಪಶುಗಳನ್ನು ಕಡಿದು ಹಂಚಿಕೊಂಡ ಅಂಗಳವೂ, ಕಲ್ಲಿನ ಅಲಗುಗಳನ್ನು ತಯಾರಿಸಿದ ಕಮ್ಮಟವೂ, ಶಿಶುಗಳ ಸಮಾಧಿಗಳೂ ದೊರೆತುವು. ಹುಣಸಗಿ ಕಣಿವೆಯ ಇಸಾಂಪುರದ ವೃತ್ತಾಂತವಂತೂ ನಮ್ಮ ಪ್ರಸ್ತುತ ವಿಷಯದ ಹೃದಯಕ್ಕೇ ಸಂಬಂಧಿಸಿದುದು. ನೀರಾವರಿ ಕೆಲಸಕ್ಕೆಂದು ಮೇಲಿನ ಮಣ್ಣನ್ನು ತೆಗೆದೊಯ್ದ ಜಾಗದಲ್ಲಿ, 1983ರಲ್ಲಿ, ಸುಣ್ಣಶಿಲೆಯ ಹಾಸುಗಳ ನಡುವೆ ಕೈಗೊಡಲಿಗಳೂ ಸೀಳುಗತ್ತಿಗಳೂ ಅವುಗಳನ್ನು ಕೆತ್ತಿದ ಸುತ್ತಿಗೆಗಲ್ಲುಗಳೂ ಇದ್ದಲ್ಲಿಯೇ ಕಂಡುಬಂದುವು. 1997ರಿಂದ ಕ್ರಮವಾಗಿ ಉತ್ಖನನ ನಡೆದು, ಪ್ರಾಣಿದಂತಗಳ ಪರೀಕ್ಷೆಯಿಂದ ಆ ಕಲ್ಲುಗಣಿಯ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ಪ್ರಕಟವಾಯಿತು. ಮಣ್ಣು ತೆಗೆದವರ ಯಂತ್ರ ಇನ್ನು ಕೆಲವು ಅಡಿ ಕೆಳಗಿಳಿದಿದ್ದರೆ ಭಾರತದ ಅತ್ಯಂತ ಪುರಾತನ ಕಾರ್ಯಾಗಾರಗಳಲ್ಲೊಂದು ಯಾವುದೋ ಒಡ್ಡಿನ ಹೊಟ್ಟೆ ಸೇರುತ್ತಿತ್ತು. ಅದೇ ಯಂತ್ರ ಬಾರದಿದ್ದರೆ ಅದು ಕಾಣುತ್ತಲೂ ಇರಲಿಲ್ಲ. ಈ ಎರಡು ಮಾತುಗಳೂ ನಿಜವಾದುದರಿಂದಲೇ ಯಂತ್ರದೊಡನೆ ಅರಿತವರೊಬ್ಬರು ಇರತಕ್ಕದ್ದೆಂದು ನಾನು ಒತ್ತಿ ಹೇಳುತ್ತೇನೆ.

ಈ ಸಂಶೋಧನೆಗಳಿಂದ ತಿಳಿದುಬಂದ ಇನ್ನೊಂದು ವಿಚಾರವಿದೆ. ಸುತ್ತಣ ಗುಡ್ಡಗಳ ಬುಡದಿಂದ ಜಿನುಗುವ ಒರತೆಗಳು ಬರಗಾಲದಲ್ಲಿಯೂ ಹಳ್ಳಗಳಿಗೆ ನೀರೂಡುತ್ತಿದ್ದುದರಿಂದ ಆದಿಮಾನವರು ಆ ದಂಡೆಗಳನ್ನೇ ಆಶ್ರಯಿಸಿದರು. ಹಳ್ಳವು ಕೊರೆದ ದಡದಲ್ಲಿಯೇ ಅವರ ಕಾಲದ ಪದರಗಳು ಬಯಲಾಗುತ್ತವೆ. ಸೇತುವೆಯ ತುದಿಗೋಡೆ ಏಳುವುದೂ ಅದೇ ದಡದಲ್ಲಿ. ಎತ್ತರದ ಗುಡಿಗೋಪುರವೊಂದನ್ನು ಬಳಸಿ ರಸ್ತೆಯನ್ನೊಯ್ಯುವುದು ಸುಲಭ, ಏಕೆಂದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಎರೆಮಣ್ಣಿನಡಿಯ ಕಲ್ಲಿನ ಚೂರುಗಳನ್ನು ಕಾಣುವುದಕ್ಕೆ ಅಭ್ಯಾಸ ಬೇಕು.

ಕಾನೂನು ಈ ಭೇದವನ್ನು ಪೂರ್ಣವಾಗಿ ಗ್ರಹಿಸಿಲ್ಲ. 1904ರ ಶಾಸನ, ಅದರ ತರುವಾಯ 1958ರ ಕೇಂದ್ರ ಶಾಸನ, 1961ರ ಕರ್ನಾಟಕ ಶಾಸನ ಇವೆಲ್ಲವೂ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕ ಮತ್ತು ನೆಲೆಗಳ ಸುತ್ತ ಸುತ್ತುತ್ತವೆ. 1992ರ ಅಧಿಸೂಚನೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರನ್ನು ನಿಷಿದ್ಧ ಪ್ರದೇಶವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಗೊತ್ತುಮಾಡಿತು. 2010ರ ತಿದ್ದುಪಡಿ ಅದಕ್ಕೆ ಶಾಸನದ ಬಲವನ್ನಿತ್ತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಸ್ಥಾಪಿಸಿತು. ಇದ್ದ ಕಟ್ಟಡವನ್ನು ಇದ್ದ ಉದ್ದಗಲ ಎತ್ತರಗಳೊಳಗೇ ಮತ್ತೆ ಕಟ್ಟುವುದಕ್ಕೂ ಹೊಸದಾಗಿ ಕಟ್ಟುವುದಕ್ಕೂ ಆ ಶಾಸನ ಅಂತರವನ್ನಿಟ್ಟಿದೆ. ಬದಲಿ ಸೇತುವೆ ಹಳೆಯದಕ್ಕಿಂತ ಅಗಲವೂ ಎತ್ತರವೂ ಆಗಿರುವುದೇ ರೂಢಿಯಾದುದರಿಂದ ಅದನ್ನು ಹೊಸ ನಿರ್ಮಾಣವೆಂದೇ ಎಣಿಸುವುದು ನ್ಯಾಯ. ಆದರೆ 300 ಮೀಟರಿನ ಆಚೆ, ಪಟ್ಟಿಯಲ್ಲಿಲ್ಲದ ಹಳ್ಳದ ದಡದಲ್ಲಿ, ಈ ನಿಯಮಗಳ ಕೈ ಚಾಚದು; 2006ರ ಪರಿಸರ ಪರಿಣಾಮ ಅಧಿಸೂಚನೆ ಹೆದ್ದಾರಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಹೊರತು ಹಳ್ಳಿಯ ಕಿರುಸೇತುವೆಯನ್ನಲ್ಲ.

ಪರಿಶೀಲನೆ ಮೊದಲೇ ನಡೆಯದಿದ್ದರೆ ಏನಾಗುವುದೆಂಬುದಕ್ಕೆ ಆನೆಗೊಂದಿಯ ಸೇತುವೆ ದುಃಖಕರವಾದ ಸಾಕ್ಷಿ. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುತ್ತಿದ್ದ ಜನರಿಗೆ ಸೇತುವೆ ಬೇಕೆಂಬುದು ನ್ಯಾಯವಾದ ಬೇಡಿಕೆಯೇ ಆಗಿತ್ತು. ಆದರೆ ವಿಜಯನಗರದ ಕಾಲದ ಸೇತುವೆಯ ಕಲ್ಲುಕಂಬಗಳು ಇಂದಿಗೂ ನಿಂತಿರುವ ಆ ನದಿಯ ಮೇಲೆ, ತಳವಾರಘಟ್ಟದ ಬಳಿ ವಾಹನಸೇತುವೆಯನ್ನೂ ವಿರೂಪಾಪುರಗಡ್ಡೆಗೆ ಕಾಲುಸೇತುವೆಯನ್ನೂ ಆರಂಭಿಸಿದ ಮೇಲೆ ಆಕ್ಷೇಪಗಳೆದ್ದು, 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿತ್ತು. ಅದರಿಂದ ಬಿಡುಗಡೆ ದೊರೆತುದು 2006ರಲ್ಲಿ. ವರ್ಷಗಟ್ಟಲೆ ಅರೆಬರೆಯಾಗಿ ನಿಂತು, ತರುವಾಯ ಮುಂದುವರಿದ ವಾಹನಸೇತುವೆ 2009ರ ಜನವರಿ 22ರಂದು ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ಮೇಲೆ ಬುಕ್ಕಸಾಗರ ಕಡೇಬಾಗಿಲುಗಳ ನಡುವೆ ಬೇರೊಂದು ಸೇತುವೆಯಾಯಿತು. ಸ್ಥಳದ ಆಯ್ಕೆಯ ಚರ್ಚೆ ಅಡಿಪಾಯ ತೋಡುವ ಮೊದಲೇ ನಡೆದಿದ್ದರೆ ಜನರ ದಾರಿಯೂ ಪರಂಪರೆಯೂ ಒಂದಕ್ಕೊಂದು ವೈರಿಗಳೆಂಬ ಭಾವನೆ ಆ ಊರುಗಳಲ್ಲಿ ಅಷ್ಟು ಬೇರೂರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಅಡಿಪಾಯಕ್ಕೆ ಮುನ್ನವೇ ನೆಲವನ್ನು ವಿಚಾರಿಸುವ ಪದ್ಧತಿ ಬೇರೆ ದೇಶಗಳಲ್ಲಿ ರೂಢಿಯಲ್ಲಿದೆ. ಅಮೆರಿಕೆಯಲ್ಲಿ ಪರಂಪರೆಯ ಸಂರಕ್ಷಣೆಗಾಗಿ ಮಾಡಿದ 1966ರ ರಾಷ್ಟ್ರೀಯ ಶಾಸನದಂತೆ ಕೇಂದ್ರ ಸರ್ಕಾರದ ಹಣ ಬಳಸುವ ಅತಿ ಸಣ್ಣ ಸೇತುವೆಯ ಕಾಮಗಾರಿಯೂ ಇಂತಹ ವಿಚಾರಣೆಗೆ ಒಳಪಡುವುದು. ಇಂಗ್ಲೆಂಡಿನಲ್ಲಿ 1990ರಿಂದ, ಯೂರೋಪಿನ ಅನೇಕ ದೇಶಗಳಲ್ಲಿ 1992ರ ವ್ಯಾಲೆಟ್ಟಾ ಒಡಂಬಡಿಕೆಯಿಂದ ಇದೇ ನೀತಿ ನೆಲೆಗೊಂಡಿದೆ. ಅಲ್ಲಿಯೂ ಬಹುತೇಕ ವಿಚಾರಣೆಗಳು ಒಂದೆರಡು ದಿನಗಳ ನಡಿಗೆ, ಕೆಲವು ಪರೀಕ್ಷಾಗುಣಿಗಳು, ಒಂದು ಕಿರುವರದಿ ಇಷ್ಟರಲ್ಲಿಯೇ ಮುಗಿಯುತ್ತವೆ.

ನಮ್ಮ ಸೀಮೆಯ ಹಳ್ಳಗಳಿಗೆ ಇದನ್ನು ಅನ್ವಯಿಸಿದರೆ ನೋಡತಕ್ಕ ಸ್ಥಳಗಳು ಯಾವುವು? ಹಳೆಯ ಸೇತುವೆಯ ಅಡಿಪಾಯವಿದ್ದ ನೆಲ ಮೊದಲೇ ಕದಡಿಹೋಗಿರುವುದರಿಂದ ಅಲ್ಲಿ ಹಾನಿ ಕಡಿಮೆ. ನಿಜವಾದ ಅಪಾಯ ಇರುವುದು ಕೆಲಸ ನಡೆಯುವಾಗ ಬಂಡಿ ಬಸ್ಸುಗಳಿಗಾಗಿ ಹಳ್ಳದ ಪಕ್ಕದಲ್ಲಿ ಮಾಡುವ ತಾತ್ಕಾಲಿಕ ದಾರಿಯಲ್ಲಿ, ಎತ್ತರಿಸಿದ ಸೇತುವೆಗೆ ಹೊಂದಿಸಲು ಎರಡೂ ಕಡೆ ಏರಿಸುವ ರಸ್ತೆಯಲ್ಲಿ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಆ ಏರಿಗೆ ಬೇಕಾದ ಮುರುಮು ಮಣ್ಣನ್ನು ಅಗೆಯುವ ಗುಂಡಿಯಲ್ಲಿ. ಸೇತುವೆಯ ನಕ್ಷೆಯಲ್ಲಿ ಆ ಗುಂಡಿಯ ಗುರುತೇ ಇರುವುದಿಲ್ಲ. ಎಲ್ಲಿ ಮಣ್ಣು ಅಗ್ಗವೋ ಅಲ್ಲಿ ಗುತ್ತಿಗೆದಾರನ ಜೆಸಿಬಿ ನಿಲ್ಲುವುದು. ಶಹಾಪುರದ ಸಮೀಪ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಸಾಲಾಗಿ ಇರಿಸಿದ ಗುಂಡುಗಳು, ಟೇಲರ್ ಅವರ ಕಾಲದಿಂದಲೂ ವಿದ್ವಾಂಸರ ಗಮನ ಸೆಳೆದು, 1956ರಲ್ಲಿ ರೇಮಂಡ್ ಆಲ್ಚಿನ್ ಅವರು ದಕ್ಷಿಣ ಹೈದರಾಬಾದಿನ ಇಂತಹ ಶಿಲಾಪಂಕ್ತಿಗಳನ್ನು ಕುರಿತು ಪ್ರಬಂಧವನ್ನೇ ಬರೆದರೂ, ತಿಳಿಯದವನಿಗೆ ಜಲ್ಲಿಗೆ ಒಡೆಯಲು ಅನುಕೂಲವಾದ ಬಂಡೆಗಳಾಗಿಯೇ ತೋರುವುವು.

ಕೆಡವಲಿರುವ ಸೇತುವೆಯೂ ಪರಿಶೀಲನೆಗೆ ಯೋಗ್ಯವೆಂಬುದನ್ನು ಮರೆಯಬಾರದು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಪ್ರತಿಷ್ಠೆ ನಿಜಾಮರ ಕಾಲದ ನಮ್ಮ ಕಲ್ಲುಕಮಾನಿನ ಮೋರಿಗಳಿಗೆ ಇಲ್ಲದಿರಬಹುದು. ಆದರೂ ಕೆಡವುವ ಮೊದಲು ನಾಲ್ಕು ಮಗ್ಗುಲಿನ ಛಾಯಾಚಿತ್ರ, ಕಮಾನಿನ ಅಳತೆ, ಗಾರೆಯ ಸ್ವರೂಪ, ಗೋಡೆಯಲ್ಲಿ ಸೇರಿಹೋದ ಶಾಸನ ಅಥವಾ ವೀರಗಲ್ಲಿನ ತುಂಡುಗಳಿದ್ದರೆ ಅವುಗಳ ಸ್ಥಾನ, ಇಷ್ಟನ್ನು ಬರೆದಿಡುವುದಕ್ಕೆ ಒಂದು ದಿನ ಸಾಕು.

ಇದಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಸಿದ್ಧವಾಗಿಯೇ ಇದೆ. ಪದ್ದಯ್ಯನವರ ಗ್ರಂಥಗಳಲ್ಲಿ ನೆಲೆಗಳ ನಕ್ಷೆಗಳಿವೆ. ರಾಜ್ಯದ ಪುರಾತತ್ತ್ವ ಇಲಾಖೆ ತಾಲ್ಲೂಕುಗಳ ಗ್ರಾಮವಾರು ಸಮೀಕ್ಷೆಯನ್ನು ಕೈಗೊಂಡಿದೆ. ಈ ನಕ್ಷೆಗಳ ಒಂದು ಪ್ರತಿ ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್ ಎಂಜಿನಿಯರಿಂಗ್ ಕಛೇರಿಗಳ ಮೇಜಿನ ಮೇಲಿದ್ದು, ಹಳ್ಳವೊಂದಕ್ಕೆ ಸೇತುವೆಯ ಅಂದಾಜು ಪಟ್ಟಿ ಬರೆಯುವ ಕಿರಿಯ ಎಂಜಿನಿಯರರು ಮಣ್ಣಿನ ಪರೀಕ್ಷೆಯ ಗುಣಿ ತೋಡಿಸುವ ದಿನವೇ ಪುರಾತತ್ತ್ವವನ್ನು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ದು, ಅದೇ ಗುಣಿಯ ಗೋಡೆಯನ್ನು ಅವರಿಗೆ ತೋರಿಸಿ, ಮುರುಮಿನ ಗುಂಡಿಯ ಜಾಗವನ್ನೂ ಅಂದೇ ಗೊತ್ತುಮಾಡಿಕೊಂಡು ಟೆಂಡರಿನ ಷರತ್ತುಗಳಲ್ಲಿ ನಮೂದಿಸುವುದಾದರೆ, ಸೇತುವೆಯ ಕೆಲಸ ಒಂದು ಮಳೆಗಾಲದಷ್ಟೂ ತಡವಾಗಲಾರದು.