ರೋಬೋಟ್ ಅಂದ್ರ ಬಿಟ್ಟಿ ಚಾಕರಿ

ಅಕ್ಕಾರ, ಮಧ್ಯಾಹ್ನ ಕೆಲಸ ಮುಗದ ಮ್ಯಾಲೆ ನಾ ಓದೋದು ರೋಬೋಟ್ ಕಾದಂಬರಿ. ನಗಬ್ಯಾಡ್ರಿ, ಆ ಶಬ್ದದ ಹುಟ್ಟು ಕೇಳ್ರಿ. 1920ರಾಗ ಝೆಕ್ ಲೇಖಕ ಕಾರೆಲ್ ಚಾಪೆಕ್ ‘ಆರ್.ಯು.ಆರ್.’ ಅಂತ ನಾಟಕ ಬರದ. ಕಾರ್ಖಾನ್ಯಾಗ ತಯಾರಾದ ಆಳುಗಳಿಗೆ ‘ರೋಬೋಟ್’ ಅನ್ನೋ ಹೆಸರು ಹೇಳಿಕೊಟ್ಟಾಂವ ಅವನ ಅಣ್ಣ ಯೋಸೆಫ್. ಅವರ ಭಾಷಾದಾಗ ‘ರೊಬೊಟಾ’ ಅಂದ್ರ ರೈತರು ಜಮೀನ್ದಾರಗ ಮಾಡಬೇಕಾಗಿದ್ದ ಬಿಟ್ಟಿ ಚಾಕರಿ. 1848ರ ತನಕ ಅದು ಅಲ್ಲೆ ನಡದಿತ್ತು. ನಾಟಕದಾಗ ಆಳುಗಳು ಕಬ್ಬಿಣದವಲ್ಲ, ನಮ್ಮಂಗ ಮೈ ಇದ್ದವು. ಕಡೀಕ ತಿರುಗಿಬಿದ್ದು ಮನುಷ್ಯಾರನ್ನ ಕೊಲ್ತಾವ, ಒಬ್ಬನ್ನ ಮಾತ್ರ ಉಳಸ್ತಾವ. ಯಾಕಂದ್ರ ಅವನೂ ತಮ್ಮಂಗ ಕೈಲೆ ದುಡಿಯಾಂವ!

ಅಮೆರಿಕಾದ ಐಸಾಕ್ ಅಸಿಮೋವ್‌ಗೆ ಇಂಥಾ ದಂಗೆ ಕತಿ ಸಾಕಾಗಿದ್ವು. 1942ರ ಒಂದು ಕತ್ಯಾಗ ಮೂರು ನಿಯಮ ಹಾಕಿದ: ರೋಬೋಟ್ ಮನುಷ್ಯಾರಿಗೆ ಕೆಡಕು ಆಗಗೊಡಬಾರದು, ಹೇಳಿದ್ದು ಕೇಳಬೇಕು, ಇವೆರಡಕ್ಕೂ ಅಡ್ಡಿ ಬರದಂಗ ತನ್ನ ಜೀವ ನೋಡ್ಕೋಬೇಕು. ಲಗ್ನ ಮಾಡಿ ಕಳಿಸುವಾಗ ನಮಗ ಹೇಳಿದ್ದೂ ಇದ ಅಲ್ಲೇನ್ರಿ? ತನ್ನ ಜೀವ ಕಡೀಕ!

ಅವನ 1954ರ ‘ದಿ ಕೇವ್ಸ್ ಆಫ್ ಸ್ಟೀಲ್’ನಾಗ ಪೊಲೀಸನ ಜೋಡಿ ಒಂದು ರೋಬೋಟ್ ಕೊಲೆಗಾರನ್ನ ಹುಡಕ್ತದ. ಊರ ಮಂದಿಗೆ ರೋಬೋಟ್ ಕಂಡ್ರ ಸಿಟ್ಟು, ತಮ್ಮ ಕೆಲಸ ಕಸಗೊಳ್ತಾವ ಅಂತ. ಇಂಗ್ಲಿಷ್ ಪುಸ್ತಕ, ಸಾವಕಾಶ ಓದ್ರಿ, ಭಾಳ ಛಂದ ಅದ. ನನ್ನ ಪ್ರತಿ ಮೊದಲ ವೈನಿಗೆ ಹೋಗ್ತದ, ಆಮ್ಯಾಲೆ ನಿಮಗ.